ಇಬ್ಬರಿಗೆ ಒಂದೇ ನಾಲಿಗೆ

ಫೆಬ್ರವರಿ 6, ಭಾನುವಾರ

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಚೆನ್ನಾಗಿಲ್ಲ. ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಎಲ್ಲಿ ಲ ಬರೆಯಬೇಕು, ಎಲ್ಲಿ ಳ ಬರೆಯಬೇಕು ಎಂದು ಇವತ್ತಿಗೂ ಗಟ್ಟಿಯಾಗಿ ಗೊತ್ತಿಲ್ಲ. ಹೊಟ್ಟೆ ಸೀಳಬೇಕಾದ ಅಕ್ಷರಗಳನ್ನು ಹಾಗೇ ಬಿಟ್ಟು, ಪಾಪದ ಅಕ್ಷರಗಳ ಹೊಟ್ಟೆ ಸೀಳಿರುತ್ತೇನೆ. ಯಾರಾದರೂ ಅಪ್ಪಿತಪ್ಪಿ ಈ ಪುಸ್ತಕ ತೆರೆದರೆ ಕ್ಷಮಿಸಿ, ಹಾಗೆಯೇ ಮುಚ್ಚಿಬಿಡಿ.

ಪುಸ್ತಕ ಕೊಟ್ಟದ್ದು ಆಸ್ಪತ್ರೆಯ ನರ್ಸಮ್ಮ. ಅಮ್ಮ ದಿನಾ ಏನು ತಿಂದಳು, ಎಷ್ಟು ತಿಂದಳು ಎಂದು ಬರೆದುಕೊಂಡು ಬರಲು ಹೇಳಿದ್ದಾರೆ. ಅದನ್ನು ಮುಂದಿನ ಪುಟದಿಂದ ಬರೆಯುತ್ತಿದ್ದೇನೆ. ಇದನ್ನು ಪುಸ್ತಕ ತಿರುಗಿಸಿ ಹಿಂದಿನಿಂದ ಬರೆಯುತ್ತೇನೆ. ಇದು ನನಗೆ ಮಾತ್ರ.

ಮೂರು ತಿಂಗಳ ಹಿಂದೆ ಅಮ್ಮನಿಗೆ ಜ್ವರ ಬಂತು. ಹನ್ನೆರಡು ದಿನ ಕಾಡಿ ಬಿಟ್ಟಿತು. ಹೋಗುವಾಗ ಅವಳ ನಾಲಿಗೆಯ ರುಚಿಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಈಗ ಉಪ್ಪು, ಹುಳಿ, ಖಾರ ಯಾವುದೂ ತಿಳಿಯದು. ಅನ್ನ ತಿಂದರೆ ಒದ್ದೆ ಕಾಗದ ತಿಂದ ಹಾಗೆ ಎನ್ನುತ್ತಾಳೆ. ಬರಬರುತ್ತಾ ತಿನ್ನುವುದನ್ನೇ ಬಿಟ್ಟಿದ್ದಾಳೆ. ಕೈ ಎತ್ತಿದರೆ ಬಳೆಗಳು ಮೊಣಕೈಗೆ ಜಾರುತ್ತವೆ.

ಬೇರೆಯವರಿಗಾದರೆ ಊಟ ಸೇರುವುದಿಲ್ಲ, ಅಷ್ಟೆ. ಅಮ್ಮ ಅಡುಗೆಯವಳು. ಹಾಸ್ಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದಳು. ಜ್ವರ ಬಿಟ್ಟ ಮೇಲೆ ಕೆಲಸಕ್ಕೆ ಹೋದಳು. ಒಂದು ದಿನ ಸಾರಿಗೆ ಉಪ್ಪೇ ಇಲ್ಲ, ಇನ್ನೊಂದು ದಿನ ಬರೀ ಉಪ್ಪು. ಎರಡು ವಾರ ನೋಡಿ, ಮನೆಯಲ್ಲಿ ಸುಧಾರಿಸಿಕೊಳ್ಳಿ ಎಂದು ಕಳಿಸಿಬಿಟ್ಟರು. ಮಂಡಿನೋವಿಗೆ ಕೆಲಸ ಬಿಟ್ಟೆ ಎಂದು ಅಮ್ಮ ಎಲ್ಲರಿಗೂ ಹೇಳಿದ್ದಾಳೆ. ನಿಜ ಗೊತ್ತಿರುವುದು ನನಗೆ ಮತ್ತು ನರ್ಸಮ್ಮನಿಗೆ.

ಈಗ ದ್ವೀಪದಿಂದ ದೊಡ್ಡಮ್ಮನ ಕಾಗದ ಬಂದಿದೆ. ನಮಗೇನೂ ರಕ್ತಸಂಬಂಧವಲ್ಲ, ದ್ವೀಪದ ಊಟದ ಮನೆಯ ಯಜಮಾನಿ. ಅಲ್ಲಿ ಅಮ್ಮ ಹದಿನಾಲ್ಕು ವರ್ಷ ಅಡುಗೆ ಮಾಡಿದ್ದಳು. ನಾನು ಹುಟ್ಟಿದ್ದೂ ಆ ದ್ವೀಪದಲ್ಲೇ. ಅಪ್ಪ ಮಂಜುಗಡ್ಡೆ ಕಾರ್ಖಾನೆಯ ಯಂತ್ರ ನೋಡಿಕೊಳ್ಳುತ್ತಿದ್ದರು. ಕಾರ್ಖಾನೆ ಮುಚ್ಚಿತು, ನಾವು ದ್ವೀಪ ಬಿಟ್ಟೆವು. ಆಗ ನನಗೆ ಹತ್ತು ವರ್ಷ. ಈಗ ಇಪ್ಪತ್ತೆರಡು. ಅಪ್ಪ ತೀರಿಕೊಂಡು ಐದು ವರ್ಷವಾಯಿತು.

ದೊಡ್ಡಮ್ಮ ಬರೆದದ್ದು ಇಷ್ಟು. ಈಗಿನ ಅಡುಗೆಯವನು ಈ ತಿಂಗಳು ಹೋಗುತ್ತಾನೆ, ನೀನು ಬಾ. ಆದರೆ ಬಂದ ಕೂಡಲೇ ಸೌಟು ಹಿಡಿಯಬೇಡ. ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ನಿನ್ನನ್ನು ಕೂರಿಸಿ ಬಡಿಸಲಿಲ್ಲ ಎಂಬುದು ನನ್ನ ಮನಸ್ಸಿನಲ್ಲಿ ಕುಟುಕುತ್ತಾ ಇದೆ. ಒಂದು ವಾರ ಅತಿಥಿಯ ಹಾಗೆ ಮೇಜಿಗೆ ಕೂತು ಉಣ್ಣು. ಆಮೇಲೆ ಒಲೆ ನಿನ್ನದು, ಹಿಂದಿನ ಕೋಣೆಯೂ ನಿನ್ನದು.

ಅಮ್ಮ ಈ ಕಾಗದವನ್ನು ನನ್ನಿಂದ ನಾಲ್ಕು ಸಲ ಓದಿಸಿದಳು. ಐದನೆಯ ಸಲಕ್ಕೆ ಅವಳಿಗೇ ಬಾಯಿಪಾಠವಾಗಿತ್ತು. ಆಮೇಲೆ ಸೀರೆ ಮಡಿಸುತ್ತಾ, "ಅಲ್ಲಿ ನೀನು ಬಾಯಿ ಬಿಡಬೇಡ," ಅಂದಳು.

ನನಗೆ ನಗು ಬಂತು. ನಾನು ಬಾಯಿ ಬಿಟ್ಟದ್ದು ಯಾವಾಗ? ಲಾಂಡ್ರಿಯಲ್ಲಿ ಆರು ವರ್ಷದಿಂದ ಇಸ್ತ್ರಿ ಮಾಡುತ್ತಿದ್ದೇನೆ, ಯಜಮಾನರಿಗೆ ನನ್ನ ದನಿ ಹೇಗಿದೆ ಎಂದೇ ಗೊತ್ತಿಲ್ಲ. ರಜೆ ಕೇಳಲೂ ಅಮ್ಮನೇ ಬಂದಿದ್ದಳು. ಚಿಕ್ಕಂದಿನಲ್ಲಿ ದ್ವೀಪದವರು ನನ್ನನ್ನು 'ನಾಲಿಗೆ ನುಂಗಿದವಳು' ಎಂದೇ ಕರೆಯುತ್ತಿದ್ದರು.

ಫೆಬ್ರವರಿ 7, ಸೋಮವಾರ

ಬೆಳಗಿನ ದೋಣಿಗೆ ಬಂದೆವು. ದೋಣಿಮಾವ ಅದೇ ದೋಣಿಮಾವ, ದೋಣಿ ಮಾತ್ರ ಹೊಸದು. ಅಮ್ಮನ ಕೈ ಹಿಡಿದು ಹತ್ತಿಸಿಕೊಂಡರು. ನನ್ನನ್ನು ನೋಡಿ, "ಇವಳು ಅದೇ ನಾಲಿಗೆ ನುಂಗಿದವಳಲ್ವಾ? ಇನ್ನೂ ಕಕ್ಕಿಲ್ವಾ?" ಎಂದರು. ದೋಣಿಯಲ್ಲಿದ್ದವರೆಲ್ಲ ನಕ್ಕರು. ನಾನು ನೀರು ನೋಡುತ್ತಾ ಕೂತೆ.

ಊಟದ ಮನೆ ನನ್ನ ನೆನಪಿನಲ್ಲಿದ್ದದ್ದಕ್ಕಿಂತ ಚಿಕ್ಕದು. ಆರು ಮೇಜು. ಗೋಡೆಗೆ ಹಸಿರು ಬಣ್ಣ ಬಳಿದಿದ್ದಾರೆ. ಅಡುಗೆಮನೆಗೂ ಊಟದ ಜಾಗಕ್ಕೂ ನಡುವೆ ಎದೆಮಟ್ಟದ ಗೋಡೆ, ಅದರ ಮೇಲೆ ಪಾತ್ರೆಗಳು. ಕಿಟಕಿ ಪಕ್ಕದ ಮೇಜಿನಿಂದ ದೋಣಿ ನಿಲ್ಲುವ ಕಟ್ಟೆ ಪೂರ್ತಿ ಕಾಣುತ್ತದೆ. ಚಿಕ್ಕಂದಿನಲ್ಲಿ ಆ ಮೇಜನ್ನು ಎಷ್ಟೋ ಸಲ ಒರೆಸಿದ್ದೇನೆ, ಕೂತಿಲ್ಲ. ನನ್ನ ಊಟ ಅಡುಗೆಮನೆಯಲ್ಲಿ, ಮಗುಚಿ ಹಾಕಿದ ಮೀನಿನ ಪೆಟ್ಟಿಗೆಯ ಮೇಲೆ. ಇವತ್ತು ದೊಡ್ಡಮ್ಮ ಅದೇ ಮೇಜಿಗೆ ಬಿಳಿ ಬಟ್ಟೆ ಹಾಸಿದ್ದರು. ಇಸ್ತ್ರಿ ಸರಿಯಾಗಿ ಬಿದ್ದಿರಲಿಲ್ಲ, ಅಂಚಿನಲ್ಲಿ ಸುಕ್ಕು. ಆದರೂ ಅಮ್ಮನಿಗೆಂದೇ ಹಾಸಿದ್ದು ಎಂದು ತಿಳಿದಾಗ ಅದರ ಮೇಲೆ ಕೈ ಇಡಲೂ ಸಂಕೋಚವಾಯಿತು.

ಅಮ್ಮ ಕುರ್ಚಿಯ ತುದಿಯಲ್ಲಿ ಕೂತಳು, ಬಸ್ಸಿಗೆ ಕಾಯುವವಳ ಹಾಗೆ. ಪಕ್ಕದ ಮೇಜಿನಲ್ಲಿ ದೋಣಿಮಾವ ಉಣ್ಣುತ್ತಿದ್ದರು. ತಲೆ ಎತ್ತದೆ, "ಇನ್ನೊಂಚೂರು ಅನ್ನ," ಅಂದರು. ಅವರಿಗೆ ಹಳೆಯ ಅಭ್ಯಾಸ. ಅಮ್ಮನಿಗೂ ಹಳೆಯ ಅಭ್ಯಾಸ. ಎದ್ದಳು, ಗೋಡೆಯ ಮೇಲಿದ್ದ ಅನ್ನದ ಪಾತ್ರೆ ತಂದಳು, ಮಾವನಿಗೆ ಬಡಿಸಿ ಮುಂದಿನ ಮೇಜಿಗೂ ಹೋದಳು. ದೊಡ್ಡಮ್ಮ ಓಡಿ ಬಂದು ಸೌಟು ಕಿತ್ತುಕೊಂಡಾಗಲೇ ಇಬ್ಬರಿಗೂ ಎಚ್ಚರವಾದದ್ದು.

"ಇನ್ನೊಂದ್ಸಲ ಎದ್ರೆ ಕುರ್ಚಿಗೆ ಕಟ್ಟಿಹಾಕ್ತೀನಿ," ಅಂದರು ದೊಡ್ಡಮ್ಮ. ಅವರ ಕಣ್ಣು ಮಾತ್ರ ಒದ್ದೆಯಾಗಿತ್ತು.

ಮೀನಿನ ಸಾರು ಬಂತು. ಅಮ್ಮ ಒಂದು ಚಮಚ ಬಾಯಿಗಿಟ್ಟು, "ಹದವಾಗಿದೆ," ಎಂದಳು. ಗಡಿಬಿಡಿಯಿಂದ ನಾನೂ ಒಂದು ಚಮಚ ಕುಡಿದು ನೋಡಿದೆ. ಪುಣ್ಯಕ್ಕೆ ಹದವಾಗಿಯೇ ಇತ್ತು.

ನನಗೆ ನೀರು ಬೇಕಿತ್ತು. ಜಗ್ಗು ಇದ್ದದ್ದು ಮಾವನ ಮೇಜಿನ ಮೇಲೆ. ಕೇಳಲು ಆಗಲಿಲ್ಲ. ಊಟ ಮುಗಿದ ಮೇಲೆ, ದೊಡ್ಡಮ್ಮ ಈ ವಾರಕ್ಕೆಂದು ಕೊಟ್ಟ ಕೋಣೆಗೆ ಬಂದು ಕುಡಿದೆ.

ನರ್ಸಮ್ಮನ ಪುಟದಲ್ಲಿ ಬರೆದದ್ದು: ಅನ್ನ ಮೂರು ಚಮಚ. ಮೀನು ಅರ್ಧ ತುಂಡು. ಸಾರು ಒಂದು ಚಮಚ.

ಫೆಬ್ರವರಿ 8, ಮಂಗಳವಾರ

ಅಮ್ಮ ಒಂದು ಉಪಾಯ ಕಂಡುಹಿಡಿದಿದ್ದಾಳೆ. ನಾನು ಮೊದಲು ತಿಂದು ನೋಡಿ ಮೇಜಿನ ಕೆಳಗೆ ಅವಳ ಕಾಲು ಒತ್ತಬೇಕು. ಒಂದು ಸಲ ಒತ್ತಿದರೆ ಹದ. ಎರಡು ಸಲ ಒತ್ತಿದರೆ ಉಪ್ಪು ಕಡಿಮೆ. ಮೂರು ಸಲ ಒತ್ತಿದರೆ ಹೆಚ್ಚು. ಹಿಮ್ಮಡಿಯಿಂದ ಒತ್ತಿದರೆ ಹುಳಿಯ ವಿಷಯ.

ಮಧ್ಯಾಹ್ನ ನಾನು ಎರಡು ಸಲ ಒತ್ತಿದೆ. ಅಮ್ಮ ಚಮಚ ಕೆಳಗಿಟ್ಟು, ಅತ್ತ ಅಡುಗೆಮನೆಗೆ ಕೇಳುವ ಹಾಗೆ, "ಒಂದು ಚಿಟಿಕೆ ಉಪ್ಪು ಬೇಕಿತ್ತು," ಎಂದಳು. ಅಡುಗೆಯಣ್ಣ ಹೊರಗೆ ಬಂದ. ಬಹಳ ಎತ್ತರದ ಮನುಷ್ಯ, ದೀಪಕ್ಕೆ ತಲೆ ತಗಲಬಾರದೆಂದು ಬಗ್ಗಿಕೊಂಡೇ ನಡೆಯುತ್ತಾನೆ. ಇವತ್ತು ನೀರು ಒಂದು ಲೋಟ ಜಾಸ್ತಿಯಾಯಿತೆಂದೂ, ಅದು ಯಾರಿಗೂ ಗೊತ್ತಾಗಲಿಲ್ಲವೆಂದೂ, ಹನ್ನೆರಡು ವರ್ಷದಿಂದ ಈ ಅಮ್ಮನ ನಾಲಿಗೆಯ ಸುದ್ದಿ ಕೇಳುತ್ತಿದ್ದದ್ದು ಸುಳ್ಳಲ್ಲವೆಂದೂ ಎಲ್ಲರ ಮುಂದೆ ಹೇಳಿದ. ದೊಡ್ಡಮ್ಮ ಹೆಮ್ಮೆಯಿಂದ ಸುತ್ತ ನೋಡಿದರು, ನಾಲಿಗೆ ತಮ್ಮದೇ ಎಂಬಂತೆ.

ಅಮ್ಮನ ಮುಖ ಬೆಳಗಿತು. ಮೂರು ತಿಂಗಳಲ್ಲಿ ಅಂಥ ಮುಖ ನೋಡಿರಲಿಲ್ಲ. ಅದಕ್ಕಾಗಿ ಅಡುಗೆಯಣ್ಣನ ಆ ಒಂದು ಲೋಟ ನೀರಿಗೆ ನಾನು ಋಣಿ.

ನನಗೂ ಇದೆಲ್ಲ ಗೊತ್ತಾಗುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅಮ್ಮ ಉಪ್ಪು ಹಾಕಿದ ಮೇಲೆ ಸೌಟಿನಿಂದ ಒಂದು ಹನಿ ತನ್ನ ಅಂಗೈಗೆ ಬಿಟ್ಟುಕೊಂಡು ನೆಕ್ಕುತ್ತಿದ್ದಳು. ಪೆಟ್ಟಿಗೆಯ ಮೇಲೆ ಕೂತ ನನ್ನ ಅಂಗೈಗೂ ಒಂದು ಹನಿ ಬಿಡುತ್ತಿದ್ದಳು. ಹೇಗಿದೆ ಎಂದು ಅವಳು ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ನೆಕ್ಕುವುದು, ಅಷ್ಟೆ. ಬಹುಶಃ ಆ ಹನಿಗಳೆಲ್ಲ ಎಲ್ಲೋ ಉಳಿದುಕೊಂಡಿವೆ.

ಫೆಬ್ರವರಿ 10, ಗುರುವಾರ

ಇವತ್ತು ಮಾನ ಹೋಗುವುದರಲ್ಲಿತ್ತು.

ನನಗೆ ನಾಲ್ಕನೇ ಕ್ಲಾಸು ಕಲಿಸಿದ ಮೇಷ್ಟ್ರು ಇನ್ನೂ ಇಲ್ಲೇ ಇದ್ದಾರೆ. ನಿವೃತ್ತರಾಗಿದ್ದಾರೆ, ಮೂರು ಹೊತ್ತೂ ಇಲ್ಲೇ ಊಟ. ಅಮ್ಮನನ್ನು ಕಂಡು ಸಂತೋಷಪಟ್ಟು ನಮ್ಮ ಮೇಜಿಗೇ ಬಂದು ಕೂತರು. ನನ್ನ ಅಕ್ಷರ ಈಗ ಹೇಗಿದೆ ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಹಾಗಾದರೆ ಮೊದಲಿನ ಹಾಗೇ ಇದೆ ಎಂದುಕೊಂಡು ಅವರು ಸಾರಿಗೆ ಕೈ ಹಾಕಿದರು.

ಪಲ್ಯದಲ್ಲಿ ಉಪ್ಪು ಮುಂದಾಗಿತ್ತು. ನಾನು ಮೂರು ಸಲ ಒತ್ತಿದೆ. ಅಮ್ಮ ಸುಮ್ಮನಿದ್ದಳು. ಕೇಳಿಸಲಿಲ್ಲವೇನೋ ಎಂದು, ಕಾಲಿಗೆ ಕೇಳಿಸುವುದೇನು ಬಂತು, ಇನ್ನೊಮ್ಮೆ ಜೋರಾಗಿ ಮೂರು ಸಲ ಒತ್ತಿದೆ. ಮೇಷ್ಟ್ರು ನಿಧಾನವಾಗಿ ಚಮಚ ಕೆಳಗಿಟ್ಟು, ಕನ್ನಡಕ ಸರಿಮಾಡಿಕೊಂಡು, "ಏನಮ್ಮಾ, ಹೊರಗೆ ಹೋಗ್ಬೇಕಾ?" ಎಂದರು. ಕ್ಲಾಸಿನಲ್ಲಿ ನಾನು ಬಾಯಿ ತೆರೆದು ಕೇಳುತ್ತಿರಲಿಲ್ಲ, ಅದಕ್ಕೆ ಅವರೇ ಹಾಗೆ ಕೇಳುತ್ತಿದ್ದರು.

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆ ನಗುವಿನಲ್ಲೇ ಅರ್ಧ ತಟ್ಟೆ ಅನ್ನ ಖಾಲಿಯಾಗಿದ್ದು ಅವಳಿಗೆ ತಿಳಿಯಲಿಲ್ಲ. ನರ್ಸಮ್ಮನ ಪುಟದಲ್ಲಿ ಬರೆದಿದ್ದೇನೆ.

ಮೇಷ್ಟ್ರ ಕಾಲಿಗೆ ನಮಸ್ಕಾರ. ನಿಜವಾಗಿ.

ಫೆಬ್ರವರಿ 12, ಶನಿವಾರ

ಸಂಜೆಯ ಬಿಸಿಲಿನಲ್ಲಿ ನಮ್ಮ ಹಳೆಯ ಮನೆ ನೋಡಲು ಹೋದೆವು. ಕಾರ್ಖಾನೆಯ ಹಿಂದಿನ ಸಾಲು. ಈಗ ಅದರಲ್ಲಿ ಬಲೆಗಳನ್ನು ತುಂಬಿಟ್ಟಿದ್ದಾರೆ. ಬಾಗಿಲ ಸಂದಿನಿಂದ ಇಣುಕಿದೆವು. ಅಪ್ಪ ಕ್ಯಾಲೆಂಡರ್ ತೂಗುಹಾಕಲು ಹೊಡೆದ ಮೊಳೆ ಹಾಗೇ ಇದೆ, ಅದಕ್ಕೆ ಯಾರೋ ಹಗ್ಗದ ಸುರುಳಿ ನೇತುಹಾಕಿದ್ದಾರೆ. "ಗಟ್ಟಿಯಾಗೇ ಹೊಡ್ದಿದ್ರು," ಅಂದಳು ಅಮ್ಮ. ದುಃಖವೇನೂ ಆಗಲಿಲ್ಲ. ಅಪ್ಪನ ಮೊಳೆ ಇನ್ನೂ ಕೆಲಸ ಮಾಡುತ್ತಿದೆಯಲ್ಲ ಎನ್ನಿಸಿತು.

ವಾಪಸ್ ಬಂದಾಗ ದೊಡ್ಡಮ್ಮ ನಮಗೆ ಹಿಂದಿನ ಕೋಣೆ ತೋರಿಸಿದರು. ಈಗ ಅದರಲ್ಲಿ ಅಡುಗೆಯಣ್ಣನ ಚೀಲಗಳಿವೆ. ಅವನ ಮಗಳಿಗೆ ಆಚೆ ದಡದ ದೊಡ್ಡ ಸ್ಕೂಲಿನಲ್ಲಿ ಸೀಟು ಸಿಕ್ಕಿದೆ, ಶುಕ್ರವಾರ ಹೋಗುತ್ತಾನೆ. ಕೋಣೆಯಲ್ಲಿ ಎರಡು ಮಂಚ, ಒಂದು ಕಪಾಟು, ನೀರಿನ ಕಡೆಗೆ ಕಿಟಕಿ. ಊರಿನಲ್ಲಿ ನಾವಿರುವುದು ಲಾಂಡ್ರಿಯ ಹಿಂದೆ, ಆವಿ ಹೊರಗೆ ಹೋಗುವ ಕೊಳವೆಯ ಪಕ್ಕ. ನಮ್ಮ ಗೋಡೆ ಎಂದೂ ಒಣಗುವುದಿಲ್ಲ. ಅಮ್ಮ ಈ ಕೋಣೆಯ ಗೋಡೆಗೆ ಅಂಗೈ ಇಟ್ಟು ನೋಡಿದಳು. ಒಣಗಿದ ಗೋಡೆ.

ಸೋಮವಾರ ಮಧ್ಯಾಹ್ನದ ಅಡುಗೆ ನೀನು ಮಾಡು, ಅಡುಗೆಯಣ್ಣ ಪಕ್ಕದಲ್ಲಿದ್ದು ಎಲ್ಲಿ ಏನಿದೆ ಎಂದು ತೋರಿಸುತ್ತಾನೆ ಎಂದರು ದೊಡ್ಡಮ್ಮ. ಅಮ್ಮ ತಲೆಯಾಡಿಸಿದಳು.

ಅವರು ಹೋದ ಮೇಲೆ ನಾನು ಅಮ್ಮನನ್ನು ನೋಡಿದೆ. ಒಲೆಯ ಮುಂದೆ ಮೇಜಿಲ್ಲ, ಮೇಜಿನ ಕೆಳಗೆ ಕಾಲಿಲ್ಲ. ನನ್ನ ಮನಸ್ಸಿನಲ್ಲಿದ್ದದ್ದು ಅವಳಿಗೆ ಗೊತ್ತಾಯಿತು.

"ನಾಲಿಗೆ ಹೋದ್ರೆ ಏನಾಯ್ತು? ಕೈ ಇದೆ. ಈ ಒಲೆ ಮುಂದೆ ಹದಿನಾಲ್ಕು ವರ್ಷ ಅಳೆದ ಕೈ ಇದು," ಎಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ, "ಊರಿಗೆ ಹೋದ್ರೆ ನಾನು ಬರೀ ಕಾಯಿಲೆಯವಳು ಕಣೇ. ಇಲ್ಲಿ ನಾನು ಅಡುಗೆಯವಳು," ಎಂದಳು.



ಫೆಬ್ರವರಿ 14, ಸೋಮವಾರ

ಬೆಳಿಗ್ಗೆ ಅಮ್ಮ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ನನ್ನನ್ನು ಒಳಗೆ ಬಿಡಲಿಲ್ಲ, ನೀನು ಕಿಟಕಿ ಮೇಜಿಗೆ ಕೂತಿರು ಎಂದಳು. ಗೋಡೆಯ ಮೇಲಿಂದ ಅವಳ ತಲೆ, ಭುಜ ಕಾಣುತ್ತಿತ್ತು. ಮೀನು ಹೆಚ್ಚಿದಳು. ಸೌಟನ್ನು ತಿರುಗಿಸಿದಳು. ಸಣ್ಣ ಹುಡುಗಿಯ ಹಾಗೆ ಓಡಾಡಿದಳು. ವಾಸನೆಯೇನೋ ಹಿಂದಿನ ವಾಸನೆಯೇ. ಕಡೆಯಲ್ಲಿ ಉರಿ ಇಳಿಸಿ, ಭರಣಿಗೆ ಕೈ ಹಾಕಿ, ಮುಷ್ಟಿ ತುಂಬ ಉಪ್ಪು ತೆಗೆದು, ಬೆರಳ ಸಂದಿನಿಂದ ಮಳೆಯಂತೆ ಉದುರಿಸಿದಳು. ಕೈ ಮರೆತಿಲ್ಲ ಎಂದುಕೊಂಡೆ.

ಇಪ್ಪತ್ತು ಜನ ಕೂತಿದ್ದರು. ಅಮ್ಮ ಮಾಡಿದ್ದು ಎಂದು ತಿಳಿದು ಇಬ್ಬರು ಮನೆಯೂಟ ಬಿಟ್ಟು ಬಂದಿದ್ದರು.

ನನಗೆ ಮೊದಲು ಬಡಿಸಿದರು. ಒಂದು ಚಮಚ ಬಾಯಿಗಿಟ್ಟೆ. ಕಡಲು.

ಸುತ್ತ ನೋಡಿದೆ. ದೋಣಿಮಾವ ಒಂದು ತುತ್ತು ನುಂಗಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. ಆಮೇಲೆ ಜಗ್ಗು ಹತ್ತಿರಕ್ಕೆ ಎಳೆದುಕೊಂಡು ಮತ್ತೆ ಉಣ್ಣತೊಡಗಿದರು. ಒಂದು ತುತ್ತು, ಒಂದು ಗುಟುಕು ನೀರು. ಮೇಷ್ಟ್ರು ಯಾರೂ ನೋಡುತ್ತಿಲ್ಲವೆಂದು ತಿಳಿದು ಲೋಟದ ನೀರನ್ನು ಸಾರಿಗೆ ಸುರಿದುಕೊಂಡರು. ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಅಮ್ಮ ಗೋಡೆಯಾಚೆಯಿಂದ ಆ ಮುಖ ಈ ಮುಖ ನೋಡುತ್ತಿದ್ದಳು. ಯಾರೋ, "ಕೈರುಚಿ ಹಾಗೇ ಇದೆ ತಾಯಿ," ಅಂದರು. ಹಾಗೆ ಹೇಳಿದವರು ಯಾರೆಂದು ನೋಡಲಿಲ್ಲ, ಆದರೆ ಅವರ ಹೊಟ್ಟೆ ತಣ್ಣಗಿರಲಿ. ಇಪ್ಪತ್ತು ತಟ್ಟೆಯೂ ಖಾಲಿಯಾಗಿ ಒಳಗೆ ಹೋಯಿತು.

ಕಡೆಗೆ ದೊಡ್ಡಮ್ಮ ಒಳಗೆ ಉಣ್ಣಲು ಕೂತರು. ಒಂದೇ ಚಮಚ. ಎದ್ದು ಅಮ್ಮನ ಹತ್ತಿರ ಹೋಗಿ ಮೆಲ್ಲನೆ, ಏನಾಯಿತೆಂದು ಕೇಳಿದರು. ಅಮ್ಮ ಅವರ ಮುಖ ನೋಡಿಯೇ ತಿಳಿದುಕೊಂಡಳು. "ಕೈ ಜಾರಿತು, ಅಕ್ಕ," ಎಂದಳು. ದೊಡ್ಡಮ್ಮ ನಂಬಿದರು. ಹನ್ನೆರಡು ವರ್ಷದ ಮೇಲೆ ಹಳೆಯ ಒಲೆ, ಗಾಬರಿಯಾಗಿರುತ್ತೆ, ಗುರುವಾರ ಇನ್ನೊಮ್ಮೆ ಮಾಡು ಎಂದು ಬೆನ್ನು ಸವರಿದರು.

ಕೈ ಜಾರಿರಲಿಲ್ಲ. ಹಿಂದಿನ ಬಾಗಿಲಲ್ಲಿ ಅಡುಗೆಯಣ್ಣ ನನಗೆ ಹೇಳಿದ. ಅವನು ನೀರು ಇಡುವಾಗಲೇ ಉಪ್ಪು ಹಾಕಿಬಿಡುತ್ತಾನಂತೆ. ಅಮ್ಮನಿಗೆ ನೆರವಾಗಲೆಂದು ಬೆಳಿಗ್ಗೆಯೇ ಸಾರಿನ ನೀರಿಟ್ಟಿದ್ದ, ಉಪ್ಪೂ ಬಿದ್ದಿತ್ತು. ಅಮ್ಮನದು ಕೊನೆಯಲ್ಲಿ ಹಾಕುವ ಪದ್ಧತಿ. ಅವಳ ಕೈ ಅಳತೆ ಸರಿಯಾಗಿಯೇ ಇತ್ತು. ಹಾಕುವ ಮೊದಲು ಒಂದು ಹನಿ ನೆಕ್ಕಿ ನೋಡಿದ್ದರೆ ತಿಳಿದುಹೋಗುತ್ತಿತ್ತು.

"ಯಾವ ಅಡುಗೆಯವರೂ ನೋಡದೆ ಹಾಕಲ್ಲ, ತಂಗಿ," ಎಂದು ಅವನು ನನ್ನ ಮುಖವನ್ನೇ ನೋಡಿದ. ನಾನು ತಲೆ ತಗ್ಗಿಸಿದೆ. ದೊಡ್ಡಮ್ಮನಿಗೆ ಹೇಳುವುದಿಲ್ಲ ಎಂದ.

ಫೆಬ್ರವರಿ 15, ಮಂಗಳವಾರ

ಅಮ್ಮ ಉಣ್ಣಲಿಲ್ಲ. ನಾನು ಕಾಲು ಒತ್ತಲಿಲ್ಲ.

ಫೆಬ್ರವರಿ 16, ಬುಧವಾರ

ಹೇಳಿಬಿಟ್ಟೆ.

ಅಮ್ಮ ಊಟ ಮುಗಿಸಿ ಮಲಗಿದ್ದಳು. ಊಟ ಎಂದರೆ ಅರ್ಧ ಲೋಟ ಗಂಜಿ. ಉಪ್ಪು ಮೊದಲೇ ನೀರಿನಲ್ಲಿತ್ತೆಂದು ನಾನು ಅವಳಿಗೆ ಹೇಳಿದ್ದೆ. ನಾಳೆ ಒಲೆಗೆ ನಾನೇ ಬೆಂಕಿ ಹಾಕುತ್ತೇನೆ, ನೀರೂ ನಾನೇ ಇಡುತ್ತೇನೆ, ಆಗ ತಪ್ಪುವುದಿಲ್ಲ ಎಂದು ಗೋಡೆಗೆ ಹೇಳಿದಂತೆ ಹೇಳಿ ಕಣ್ಣು ಮುಚ್ಚಿದಳು. ನಾಳೆ ತಪ್ಪಲಿಕ್ಕಿಲ್ಲ. ನಾಡಿದ್ದು? ಹಾಸ್ಟೆಲಿನಲ್ಲಿ ಆದದ್ದೇ ಇಲ್ಲೂ ಆಗುತ್ತದೆ, ನಿಧಾನವಾಗಿ ಆಗುತ್ತದೆ. ಇಲ್ಲಿಯ ಜನ ಏನೂ ಹೇಳದೆ ನೀರು ಕುಡಿಯುತ್ತಾ ಉಣ್ಣುತ್ತಾರೆ. ಒಂದು ದಿನ ಉಣ್ಣಲು ಬರುವುದನ್ನು ನಿಲ್ಲಿಸುತ್ತಾರೆ. ಇಷ್ಟು ಒಳ್ಳೆಯವರಿಗೆ ಹ್ಯಾಗೆ ಹಾಗೆ ಮಾಡುವುದು?

ದೊಡ್ಡಮ್ಮ ಹಿಂದಿನ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ಎದುರು ಕೂತು ನಾನೂ ಮೊರಕ್ಕೆ ಕೈ ಹಾಕಿದೆ. ಒಂದು ಮೊರ ಮುಗಿಯಿತು. ಎರಡನೆಯದರ ನಡುವೆ, ಕಲ್ಲು ಹುಡುಕುತ್ತಲೇ, ಅಮ್ಮನಿಗೆ ರುಚಿ ಗೊತ್ತಾಗುವುದಿಲ್ಲ ಎಂದೆ. ಜ್ವರ, ಹಾಸ್ಟೆಲು, ಎಲ್ಲ ಹೇಳಿದೆ. ಒಮ್ಮೆ ಶುರುವಾದ ಮೇಲೆ ನಿಲ್ಲಲಿಲ್ಲ.

ದೊಡ್ಡಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಿದರು. ಮುಖ ಕೆಂಪಾಯಿತು.

"ಒಂದು ವಾರ ನನ್ನ ಮುಂದೆ ಕೂತು ಹದವಾಗಿದೆ, ಚಿಟಿಕೆ ಕಡಿಮೆ, ಹುಳಿ ಮುಂದೆ ಅಂದ್ಲಲ್ಲ. ಒಂದೂ ತಪ್ಪಿರ್ಲಿಲ್ಲ. ಅದೆಲ್ಲ ಯಾರ ನಾಲಿಗೆ?"

"ನಂದು, ದೊಡ್ಡಮ್ಮ," ಎಂದೆ. ಕಾಲು ಒತ್ತುವ ಕಥೆಯನ್ನೂ ಹೇಳಿದೆ. ಮೇಷ್ಟ್ರ ಕಾಲಿನದನ್ನೂ ಹೇಳಿದೆ. ಅವರು ನಗಲಿಲ್ಲ.

ಎದ್ದು ಸೀದಾ ಕೋಣೆಗೆ ಹೋದರು. ನಾನೂ ಹಿಂದೆ ಹೋದೆ. ಅಮ್ಮ ಎದ್ದು ಕೂತಿದ್ದಳು. ದೊಡ್ಡಮ್ಮ ಬಾಗಿಲಲ್ಲೇ ನಿಂತು, ನನ್ನನ್ನು ಏನೆಂದು ತಿಳಿದುಕೊಂಡೆ, ಬಿಳಿ ಬಟ್ಟೆ ಹಾಸಿ ಕೂರಿಸಿದವಳಿಗೆ ಸುಳ್ಳು ಬಡಿಸಿದೆಯಲ್ಲ ಎಂದರು.

ಅಮ್ಮ ನನ್ನನ್ನು ಒಮ್ಮೆ ನೋಡಿದಳು. ಆ ನೋಟ ನಾನು ಮರೆಯುವುದಿಲ್ಲ. ಆಮೇಲೆ ನೆಲ ನೋಡುತ್ತಾ, "ನಾಲಿಗೆ ಸತ್ತ ಅಡುಗೆಯವಳನ್ನ ಯಾರು ಇಟ್ಕೋತಾರೆ, ಅಕ್ಕ?" ಎಂದಳು.

"ಕೇಳಿದ್ರೆ ತಾನೇ ಗೊತ್ತಾಗೋದು," ಎಂದು ದೊಡ್ಡಮ್ಮ ಹೋಗಿಬಿಟ್ಟರು.

ಸಂಜೆ ನಮಗೆ ಬಡಿಸಲು ಅವರು ಬರಲಿಲ್ಲ. ಅಡುಗೆಯಣ್ಣ ಬಡಿಸಿದ. ಅಮ್ಮ ನನ್ನೊಡನೆ ಮಾತಾಡಲಿಲ್ಲ. ಇಬ್ಬರೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಆದರೂ ಮೈ ಹಗುರವಾಗಿದೆ, ಜ್ವರ ಬಿಟ್ಟ ಹಾಗೆ.

ಫೆಬ್ರವರಿ 17, ಗುರುವಾರ

ಇವತ್ತು ಬಹಳ ಬರೆಯಬೇಕು.

ಅಮ್ಮ ಬೆಳಿಗ್ಗೆಯೇ ಚೀಲ ಕಟ್ಟಿದಳು. ಮಧ್ಯಾಹ್ನದ ಊಟ ಮುಗಿಸಿ ದೋಣಿ ಹತ್ತುವುದು ಎಂದಳು. ನಾನು ಎದುರಾಡಲಿಲ್ಲ. ಇವತ್ತು ಅಮ್ಮ ಅಡುಗೆ ಮಾಡಬೇಕಿದ್ದ ದಿನ, ಅಡುಗೆಮನೆಯಲ್ಲಿ ಅಡುಗೆಯಣ್ಣನೇ ಇದ್ದ.

ಕಿಟಕಿ ಮೇಜಿಗೆ ಕೂತೆವು. ಸ್ವಲ್ಪ ಹೊತ್ತಿಗೆ ದೊಡ್ಡಮ್ಮ ತಮ್ಮ ತಟ್ಟೆ ಹಿಡಿದುಕೊಂಡು ಬಂದು, ಮೂರನೆಯ ಕುರ್ಚಿ ಎಳೆದು ಕೂತರು. ಊಟದ ಮನೆಯವರೆಲ್ಲ ತಿರುಗಿ ನೋಡಿದರು. ಇಷ್ಟು ವರ್ಷದಲ್ಲಿ ಅವರೂ ಒಂದು ದಿನ ಈ ಮೇಜುಗಳಿಗೆ ಕೂತವರಲ್ಲ, ಎಲ್ಲರದೂ ಮುಗಿದ ಮೇಲೆ ಒಳಗೆ ಉಣ್ಣುವವರು. ಅಮ್ಮನ ಹಾಗೆಯೇ ಕುರ್ಚಿಯ ತುದಿಯಲ್ಲಿ ಕೂತಿದ್ದರು.

ತಮ್ಮ ಸಾರಿನ ಬಟ್ಟಲನ್ನು ನನ್ನ ಕಡೆ ತಳ್ಳಿ, "ಹೇಳು," ಎಂದರು.

ನಾನು ಕುಡಿದು ನೋಡಿದೆ. ಉಪ್ಪು ಸರಿ ಇದೆ, ಹುಳಿ ಸ್ವಲ್ಪ ಮುಂದಾಗಿದೆ, ಮೀನು ಒಂದು ಕುದಿ ಮೊದಲೇ ಇಳಿಸಬೇಕಿತ್ತು ಎಂದೆ. ಗೋಡೆಯಾಚೆಯಿಂದ ಅಡುಗೆಯಣ್ಣ, "ಮೂರೂ ನಿಜ," ಅಂದ. ಹೋಗುವ ಮುಂಚಿನ ದಿನ ಮರ್ಯಾದೆ ಕಳೆದಳು ಎಂದು ಗೊಣಗಿದ.

ದೊಡ್ಡಮ್ಮ ಅಮ್ಮನ ಕಡೆ ತಿರುಗಿದರು. ರಾತ್ರಿ ನಿದ್ದೆ ಬಂದಿರಲಿಲ್ಲವಂತೆ. ನಾಲಿಗೆ ಇಲ್ಲದ ಅಡುಗೆಯವಳನ್ನು ತಾನು ಇಟ್ಟುಕೊಳ್ಳುವುದಿಲ್ಲ, ಖಂಡಿತ ಇಟ್ಟುಕೊಳ್ಳುವುದಿಲ್ಲ ಎಂದರು. ಅಮ್ಮ ತಲೆಯಾಡಿಸಿದಳು.

"ಆದ್ರೆ ಕೈ ನಿಂದು, ನಾಲಿಗೆ ಇವಳ್ದು ಅಂದ್ರೆ, ಅಲ್ಲಿಗೆ ಒಬ್ಬಳು ಪೂರ್ತಿ ಅಡುಗೆಯವಳಾಯ್ತಲ್ಲ," ಎಂದರು. "ಕೋಣೇಲಿ ಮಂಚ ಎರಡಿದೆ."

ಅಮ್ಮ ತಟ್ಟೆ ಪಕ್ಕಕ್ಕೆ ಸರಿಸಿದಳು. ಆಮೇಲೆ, ಅವಳಿಗೆ ಅವಳದೇ ಕೆಲಸವಿದೆ, ಲಾಂಡ್ರಿಯವರು ಒಳ್ಳೆಯವರು, ನನ್ನ ಕಾಯಿಲೆಗೆ ಅವಳನ್ನು ಕಟ್ಟಿಹಾಕಬೇಡಿ ಎಂದಳು. ನಿನ್ನೆಯಿಂದ ನನ್ನೊಡನೆ ಸರಿಯಾಗಿ ಮಾತಾಡದವಳು ನನಗಾಗಿಯೇ ಮಾತಾಡಿದ್ದು. "ಅವಳನ್ನೇ ಕೇಳಿ, ಅಕ್ಕ. ಅವಳ ಬಾಯಿಂದ್ಲೇ ಬರ್ಲಿ."

ಇಬ್ಬರೂ ನನ್ನನ್ನು ನೋಡಿದರು. ಮೇಷ್ಟ್ರು ಚಮಚ ಹಿಡಿದುಕೊಂಡು ನೋಡುತ್ತಿದ್ದರು.

ಇರುತ್ತೇನೆ ಎಂದೆ. ಆದರೆ ಮೇಜಿನ ಬಟ್ಟೆಗಳನ್ನು ಇನ್ನು ಮೇಲೆ ನಾನೇ ಇಸ್ತ್ರಿ ಮಾಡುತ್ತೇನೆ, ಈಗ ಮಾಡುತ್ತಿರುವುದು ಸ್ವಲ್ಪವೂ ಸರಿಯಿಲ್ಲ, ಅಂಚು ನೋಡಿ ಎಂದು ತೋರಿಸಿದೆ. ದೊಡ್ಡಮ್ಮ ಅಂಚು ನೋಡಿದರು. ಬಟ್ಟೆಗೆ ಇಸ್ತ್ರಿ ಮಾಡಿದವರು ಅವರೇ ಎಂದು ಆಮೇಲೆ ತಿಳಿಯಿತು.

ಅಮ್ಮ ತಟ್ಟೆಗೆ ಅನ್ನ ಹಾಕಿಸಿಕೊಂಡಳು. ಸಾರು ಕಲಸಿದಳು. ರುಚಿ ಈಗಲೂ ಇಲ್ಲ ಎಂದಳು, ಆದರೆ ಬಿಸಿ ಗೊತ್ತಾಗುತ್ತದೆ, ಮೀನು ಮೆತ್ತಗಿರುವುದು ಗೊತ್ತಾಗುತ್ತದೆ, ಅಷ್ಟು ಇದೆಯಲ್ಲ ಎಂದಳು. ನರ್ಸಮ್ಮನ ಪುಟದಲ್ಲಿ: ಒಂದು ತಟ್ಟೆ. ಮತ್ತೆ ಅರ್ಧ.

ನನಗೂ ಹಸಿವಾಗಿತ್ತು, ಬಾಯಾರಿತ್ತು. ಜಗ್ಗು ದೋಣಿಮಾವನ ಹತ್ತಿರವಿತ್ತು. "ಮಾವಾ, ಆ ಜಗ್ಗು ಇತ್ತ ಕೊಡಿ," ಎಂದೆ. ಮಾವ ಜಗ್ಗು ಹಿಡಿದುಕೊಂಡು ನಿಂತೇಬಿಟ್ಟರು. "ಕಕ್ಕಿದ್ಲು ಕಣ್ರಪ್ಪಾ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಎಲ್ಲರೂ ಯಾಕೆ ಅಷ್ಟು ನಕ್ಕರೋ ಕಾಣೆ. ನೀರು ತಣ್ಣಗೆ ಚೆನ್ನಾಗಿತ್ತು.

ಲಾಂಡ್ರಿಯ ಯಜಮಾನರಿಗೆ ಫೋನು ಮಾಡಬೇಕಿತ್ತು. ಮಾಡಿದೆ. ಯಾರು ಮಾತಾಡುತ್ತಿರುವುದು ಎಂದು ಅವರು ಎರಡು ಸಲ ಕೇಳಿದರು. ನಂಬಿದ ಮೇಲೆ, ಆರು ವರ್ಷದಲ್ಲಿ ಒಂದು ಬಟ್ಟೆಯನ್ನೂ ಸುಡಲಿಲ್ಲ ನೀನು, ಚೆನ್ನಾಗಿರಮ್ಮ ಎಂದರು. ನಮ್ಮ ಪಾತ್ರೆಪಗಡವನ್ನು ದೋಣಿಯವರೆಗೆ ತಾವೇ ಕಳಿಸುತ್ತಾರಂತೆ. ಅವರು ಇಷ್ಟು ಒಳ್ಳೆಯವರೆಂದು ಅಲ್ಲಿದ್ದಾಗ ತಿಳಿದುಕೊಳ್ಳಲಿಲ್ಲ.

ಫೆಬ್ರವರಿ 18, ಶುಕ್ರವಾರ

ಅಡುಗೆಮನೆಯಲ್ಲಿ ಮೀನಿನ ಪೆಟ್ಟಿಗೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಕೈ ಒದ್ದೆ, ಅಕ್ಷರ ಹರಡುತ್ತಿದೆ.

ಅಡುಗೆಯಣ್ಣ ಬೆಳಗಿನ ದೋಣಿಗೆ ಹೋದ. ಹೋಗುವ ಮುಂಚೆ ಅಮ್ಮನ ಕಾಲಿಗೆ ನಮಸ್ಕರಿಸಿದ. ನೀರು ಇಟ್ಟಿಲ್ಲ, ಉಪ್ಪೂ ಹಾಕಿಲ್ಲ ಎಂದು ನನಗೆ ಎರಡು ಸಲ ಹೇಳಿದ.

ಹತ್ತೂವರೆಗೆ ಸಾರು ಕುದಿಯಿತು. ಅಮ್ಮ ಉರಿ ಇಳಿಸಿ ಉಪ್ಪು ಉದುರಿಸಿದಳು. ಸೌಟಿನಿಂದ ಒಂದು ಹನಿ ತನ್ನ ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು, ಅಭ್ಯಾಸ. ಆಮೇಲೆ ನನ್ನ ಅಂಗೈಗೆ ಒಂದು ಹನಿ ಬಿಟ್ಟಳು.

"ಏನಂತೀಯೇ?" ಎಂದು ಕೇಳಿದಳು.

ನೆಕ್ಕಿ ನೋಡಿದೆ. ಇನ್ನೊಂದು ಚಿಟಿಕೆ ಎಂದೆ. ಹಾಕಿದಳು.